ಬಾರದೆ ಹೋದ ವಾಯುನೌಕೆ

ದಂಡಿನ ಪೂರ್ವಕ್ಕಿರುವ ಹಲಸೂರಿನಲ್ಲಿ ಬೆಳೆದವನು ನಾನು. ತಲೆಯ ಮೇಲೆ ವಿಮಾನ ಹಾಯುವಾಗ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಮುಂದುವರಿಸುವುದು ನಮಗೆ ರೂಢಿಯಾಗಿತ್ತು. ಆದರೆ ಇಂಗ್ಲೆಂಡಿನಿಂದ ಭಾರತಕ್ಕೆ ಪ್ರಯಾಣಿಕರನ್ನು ಕರೆತರಲು ಒಂದು ಕಾಲಕ್ಕೆ ಬೇರೆಯೇ ವಾಹನ ಗೊತ್ತಾಗಿತ್ತು. ಅದು ವಾಯುನೌಕೆ.

೧೮೦೯ರಲ್ಲಿ ಹುಟ್ಟಿದ ನಮ್ಮ ದಂಡಿನ ದೊರೆಗಳಿಗೆ ಸ್ವದೇಶದ ಕಾಗದ ತಲಪಲು ವಾರಗಳೇ ಬೇಕಾಗಿದ್ದವು. ಈ ದೂರವನ್ನು ಕುಗ್ಗಿಸಲೆಂದು ಬ್ರಿಟಿಷ್ ಸರ್ಕಾರ ೧೯೨೪ರಲ್ಲಿ ದೊಡ್ಡ ಯೋಜನೆಯೊಂದನ್ನು ಕೈಗೊಂಡಿತು. ಈಜಿಪ್ಟಿನಲ್ಲಿ ಒಮ್ಮೆ ತಂಗಿ, ಐದಾರು ದಿನಗಳಲ್ಲಿ ಕರಾಚಿ! ನೌಕೆಗಾಗಿ ಅಲ್ಲಿ ಬೃಹತ್ತಾದ ಕೊಟ್ಟಿಗೆಯನ್ನೂ ಕಟ್ಟಿದರು. ಬೆಂಗಳೂರಿನವರು ಮಾತ್ರ ಅಲ್ಲಿಂದಾಚೆಗೆ ರೈಲನ್ನೇ ನಂಬಬೇಕಿತ್ತು.

ಆ ನೌಕೆಯ ಹೆಸರು ಆರ್-೧೦೧. ದನದ ಕರುಳಿನ ಪೊರೆ ಹೊದಿಸಿದ ಚೀಲಗಳಲ್ಲಿ ಜಲಜನಕ. ಒಡಲಲ್ಲಿ ಊಟದ ಮನೆ, ಮಲಗುವ ಕೋಣೆಗಳು. ಜಲಜನಕ ಹಗುರ, ಆದುದರಿಂದ ಎತ್ತುತ್ತದೆ. ಆದರೆ ಕಿಡಿ ತಾಕಿದರೆ ಉರಿದುಹೋಗುತ್ತದೆ. ನೌಕೆಯ ಭಾರ ಲೆಕ್ಕ ಮೀರಿದಾಗ ನಡುವೆ ಕತ್ತರಿಸಿ, ಹೊಸ ಭಾಗ ಸೇರಿಸಿ, ೭೭೭ ಅಡಿಗೆ ಬೆಳೆಸಿದರು. ಆಮೇಲೆ ಪೂರ್ಣ ವೇಗದ ಪರೀಕ್ಷೆ ನಡೆಯಲೇ ಇಲ್ಲ. ನಾಸಿಕದಲ್ಲಿ ಹುಟ್ಟಿದ ವಾಯುಮಂತ್ರಿ ಲಾರ್ಡ್ ಥಾಮ್ಸನ್ ಭಾರತಕ್ಕೆ ಬಂದು, ಅದೇ ತಿಂಗಳ ಸಾಮ್ರಾಜ್ಯ ಸಮ್ಮೇಳನಕ್ಕೆ ಹಿಂದಿರುಗಬೇಕಿತ್ತು. ಮುಹೂರ್ತ ಮೊದಲು ನಿಶ್ಚಯವಾಯಿತು. ಪರೀಕ್ಷೆ ಅದಕ್ಕೆ ತಲೆಬಾಗಿತು.

೧೯೩೦ರ ಅಕ್ಟೋಬರ್ ೪ರ ಸಂಜೆ ಹೊರಟ ನೌಕೆ, ಮಳೆಗಾಳಿಗೆ ಸಿಕ್ಕಿ, ಮರುದಿನ ಬೆಳಗಾಗುವ ಮೊದಲೇ ಫ್ರಾನ್ಸಿನ ಬೋವೆ ಎಂಬ ಊರಿನ ಬಳಿ ನೆಲಕ್ಕೆ ತಾಕಿ ಉರಿದುಹೋಯಿತು. ೫೪ ಮಂದಿಯಲ್ಲಿ ೪೮ ಮಂದಿ ಮಡಿದರು, ಮಂತ್ರಿಯೂ ಅವರಲ್ಲೊಬ್ಬರು. ಯೋಜನೆ ಅಲ್ಲಿಗೇ ಮುಗಿಯಿತು. ಕರಾಚಿಯ ಕೊಟ್ಟಿಗೆ, ತಾನು ಕಾದ ನೌಕೆಯನ್ನು ಕಾಣಲೇ ಇಲ್ಲ.

ಹತ್ತು ವರ್ಷಗಳ ತರುವಾಯ, ೧೯೪೦ರ ಡಿಸೆಂಬರಿನಲ್ಲಿ, ನಮ್ಮ ದಂಡಿನ ಪೂರ್ವಕ್ಕೆ ಬೇರೊಂದು ಕಟ್ಟಡದ ಕಥೆ ಆರಂಭವಾಯಿತು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆಲ ಮತ್ತು ಬಂಡವಾಳದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಅದೂ ಯುದ್ಧಕಾಲದ ಕೂಸೇ. ಆದರೂ ಕರಾಚಿಯದು ಪರರ ನೌಕೆಯನ್ನು ಬರಮಾಡಿಕೊಳ್ಳಲು ಕಟ್ಟಿದ ಮನೆ. ಇಲ್ಲಿನದು ಕೈಯಾರೆ ಮಾಡುವುದನ್ನು ಕಲಿಯಲು ಕಟ್ಟಿದ ಮನೆ.

ಅದರ ಪಕ್ಕದ ನಿಲ್ದಾಣ ೨೦೦೮ರ ಮೇ ತಿಂಗಳಲ್ಲಿ ತನ್ನ ಪ್ರಯಾಣಿಕರನ್ನು ದೇವನಹಳ್ಳಿಗೆ ಒಪ್ಪಿಸಿತು. ನನಗೆ ನೆನಪಾಗುವುದು ವಿಮಾನಗಳಿಗಿಂತ ಹೆಚ್ಚಾಗಿ, ಕಾರ್ಖಾನೆ ಬಿಟ್ಟ ಹೊತ್ತಿಗೆ ಹಲಸೂರಿನತ್ತ ಸಾಲುಗಟ್ಟಿ ಬರುತ್ತಿದ್ದ ಸೈಕಲ್ಲುಗಳು. ಅವನ್ನು ತುಳಿಯುತ್ತಿದ್ದವರಲ್ಲಿ ಎಷ್ಟೋ ಮಂದಿ ವಿಮಾನ ಹತ್ತಿದವರಲ್ಲ; ವಿಮಾನ ಕಟ್ಟಿದವರು.