ಮೇಷ್ಟ್ರಿಗೇ ದಂಡ ಹಾಕುತ್ತಿದ್ದ ವಿದ್ಯಾರ್ಥಿಗಳು

ಇಟಲಿಯ ಬೊಲೋನ್ಯ ವಿಶ್ವವಿದ್ಯಾಲಯದಲ್ಲಿ ಏಳುನೂರು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಸಂಘದ್ದೇ ಕಾರುಬಾರು. ಮೇಷ್ಟ್ರು ತಡವಾಗಿ ಬಂದರೆ ದಂಡ. ಗಂಟೆ ಹೊಡೆದ ಮೇಲೂ ಪಾಠ ಎಳೆದರೆ ದಂಡ. ಕಷ್ಟದ ಭಾಗ ಹಾರಿಸಿದರೂ ದಂಡ. ಇದನ್ನೆಲ್ಲ ಗಮನಿಸಿ ಹೇಳಲು ಕೆಲವು ವಿದ್ಯಾರ್ಥಿಗಳನ್ನು ಗುಟ್ಟಾಗಿ ನೇಮಿಸುತ್ತಿದ್ದರು.

ಹುಡುಗರ ಮಾತಿಗೆ ಅಷ್ಟು ಬೆಲೆ ಯಾಕೆ? ಮೇಷ್ಟ್ರ ಹೊಟ್ಟೆ ತುಂಬುತ್ತಿದ್ದುದು ಅವರು ಕೊಟ್ಟ ಫೀಸಿನಿಂದ. ಮುಂದೆ ನಗರಾಡಳಿತ ಸಂಬಳ ಕೊಡತೊಡಗಿತು, ಆ ಹಿಡಿತ ಸಡಿಲವಾಯಿತು.

ಈಗ ದಂಡವಿಲ್ಲ, ಫಾರಂ ಇದೆ. ಕಾಲೇಜುಗಳ ಗುಣಮಟ್ಟ ಅಳೆಯುವ ಬೆಂಗಳೂರಿನ ನ್ಯಾಕ್ ಸಂಸ್ಥೆಯೂ ವಿದ್ಯಾರ್ಥಿಗಳ ಅಭಿಪ್ರಾಯ ಕೇಳುತ್ತ ಬಂದಿದೆ. ಡಿಪ್ಲೊಮಾ ಓದುವಾಗ ನಾನೂ ಇಂಥದ್ದೊಂದು ಫಾರಂ ತುಂಬಿದ್ದೆ. ಮೇಷ್ಟ್ರು ಎದುರಿಗೇ ನಿಂತಿದ್ದರು. ಎಲ್ಲದಕ್ಕೂ ‘ಉತ್ತಮ’ ಅಂತ ಟಿಕ್ ಹಾಕಿದೆ.

ನಿಮ್ಮ ಮಕ್ಕಳನ್ನು ಕೇಳಿ ನೋಡಿ: ಫಾರಂ ತುಂಬುವಾಗ ಎದುರಿಗೆ ಯಾರಿದ್ದರು?