ಸೀಸದ ಗುಂಡು ಮತ್ತು ಕೋವಿಯ ಸದ್ದು

ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ಕೋವಿಯ ಮಾತು ಬಂದರೆ ಮೊದಲು ಕೇಳುವ ಶಬ್ದ ‘ಟ್ವೆಲ್ ಬೋರ್’. ಹನ್ನೆರಡು ಏನು ಎಂದು ಕೇಳಿದರೆ ಹೇಳುವವರು ವಿರಳ. ಅದು ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡ್ ಸೀಸವನ್ನು ಕರಗಿಸಿ ಸಮನಾದ ಹನ್ನೆರಡು ಗುಂಡುಗಳನ್ನು ಎರಕ ಹೊಯ್ದರೆ, ಅವುಗಳಲ್ಲಿ ಒಂದು ಯಾವ ನಳಿಗೆಯಲ್ಲಿ ಸರಿಯಾಗಿ ಕೂರುವುದೋ ಅದು ಹನ್ನೆರಡು ಬೋರಿನ ನಳಿಗೆ. ಗುಂಡಿನ ತೂಕ ಸುಮಾರು 38 ಗ್ರಾಂ, ಅಡ್ಡಳತೆ ಹದಿನೆಂಟೂವರೆ ಮಿಲಿಮೀಟರ್. ಸಂಖ್ಯೆ ಕಿರಿದಾದಷ್ಟೂ ಗುಂಡು ಹಿರಿದು. ಎಂಟು ಬೋರಿನ ಗುಂಡು 57 ಗ್ರಾಂ. ನಾಲ್ಕು ಬೋರಿನದು 113 ಗ್ರಾಂ. ಗಣಿತದ ಮೇಷ್ಟ್ರುಗಳಿಗೆ ಗೋಲದ ಘನಫಲ ಕಲಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕಿಲ್ಲ: ಅಡ್ಡಳತೆ ಒಂದೂವರೆಪಟ್ಟು ಆಗುವ ಮೊದಲೇ ತೂಕ ಮೂರುಪಟ್ಟಾಗಿರುತ್ತದೆ.

ಈ ಅಳತೆಯಲ್ಲಿಯೇ ಒಂದು ಕಾಲದ ಚರಿತ್ರೆ ಅಡಗಿದೆ. ಕೋವಿಯ ಬಲವನ್ನು ಅಂದಿನವರು ವೇಗದಿಂದಲ್ಲ, ಸೀಸದ ತೂಕದಿಂದ ಅಳೆಯುತ್ತಿದ್ದರು. ಪೆಟ್ಲುಪ್ಪು, ಗಂಧಕ, ಇದ್ದಿಲುಗಳಿಂದ ಮಾಡಿದ ಕರಿಮದ್ದಿಗೆ ಒಂದು ಮಿತಿಯಿತ್ತು. ಎಷ್ಟೇ ತುಂಬಿದರೂ ದೊಡ್ಡ ಗುಂಡಿನ ವೇಗ ಒಂದು ಹಂತದಲ್ಲಿ ನಿಂತುಬಿಡುತ್ತಿತ್ತು. ಹೆಚ್ಚಿಸಿದ ಮದ್ದು ಹೊಗೆಯನ್ನೂ ಹೆಗಲಿನ ನೋವನ್ನೂ ಹೆಚ್ಚಿಸುತ್ತಿತ್ತೇ ಹೊರತು ವೇಗವನ್ನಲ್ಲ. ಆದ್ದರಿಂದ ದೊಡ್ಡ ಪ್ರಾಣಿಗೆ ದೊಡ್ಡ ಗುಂಡು ಎಂಬುದೇ ಸೂತ್ರವಾಯಿತು. ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ನಡೆಸಿ ಹೆಸರಾದ ಜಿ. ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ತನ್ನ ಅರಣ್ಯಾನುಭವದ ಗ್ರಂಥದಲ್ಲಿ ಇಂಥ ನಾಲ್ಕು ಮತ್ತು ಎಂಟು ಬೋರಿನ ಕೋವಿಗಳ ಪ್ರಸ್ತಾಪ ಬರುತ್ತದೆ. ನಮ್ಮ ಮಂಜರಾಬಾದಿನಲ್ಲಿಯೇ ಕಾಫಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕ ಬರೆದ. ಎರಡನೆಯದರ ಹೆಸರಿನಲ್ಲಿಯೇ ಚಿನ್ನ ಮತ್ತು ಕಾಫಿಯ ನಡುವೆ ಶಿಕಾರಿಯೂ ಸೇರಿಕೊಂಡಿದೆ.

ದೊರೆಗಳ ಕೋವಿಯ ಮಾತು ಪುಸ್ತಕಗಳಲ್ಲಿ ಉಳಿಯಿತು. ರೈತನ ಕೋವಿಯ ಮಾತು ಉಳಿಯಲಿಲ್ಲ. ಹೊಳೆನರಸೀಪುರ, ಅರಕಲಗೂಡುಗಳು ಪಾಳೆಯಗಾರರ ಊರುಗಳು. ಚನ್ನರಾಯಪಟ್ಟಣಕ್ಕೂ ಕೋಟೆಯಿತ್ತು. ಬತ್ತಿ ಹೊತ್ತಿಸಿ ಹಾರಿಸುವ ಕೋವಿ ಹಿಡಿದ ಕಂದಾಚಾರದ ಜನ ಸಂಸ್ಥಾನದ ಹಳ್ಳಿಗಳಲ್ಲಿ ಅರ್ಧ ಸೈನಿಕರು, ಅರ್ಧ ರೈತರು. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯ ನಡುವೆ ಮದ್ದಿನ ಮನೆಗಳನ್ನು ಈಗಲೂ ನೋಡಬಹುದು. ಟಿಪ್ಪು ಮಡಿದ ಬಳಿಕವೂ ಬಲ್ಲಂ ಸೀಮೆಯ ಪಾಳೆಯಗಾರ ಕೃಷ್ಣಪ್ಪ ನಾಯಕ ಕಾಡನ್ನು ನೆಚ್ಚಿ ಇಂಗ್ಲಿಷರನ್ನು ಎದುರಿಸಿದ. 1802ರ ಆರಂಭದಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಅರೆಕೆರೆಯನ್ನು ಹಿಡಿದು ಅವನನ್ನು ಗಲ್ಲಿಗೇರಿಸಿತು. ಈ ವೆಲ್ಲೆಸ್ಲಿಯೇ ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎಂಬುದನ್ನು ನಮ್ಮ ಜಿಲ್ಲೆಯ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ.

ಪಾಳೆಯಪಟ್ಟುಗಳು ಅಳಿದರೂ ಕೋವಿ ಅಳಿಯಲಿಲ್ಲ. ಅದು ಕೇಪಿನ ಕೋವಿಯಾಗಿ ಹೊಲ ತೋಟಗಳಿಗೆ ಇಳಿಯಿತು. ಇದಕ್ಕೆ ತೋಟಾ ಇಲ್ಲ. ಒಂದೊಂದು ಈಡನ್ನೂ ಕೈಯಾರೆ ಕಟ್ಟಬೇಕು. ನಳಿಗೆಯ ಬಾಯಿಯಿಂದ ಮದ್ದು ಸುರಿದು, ನಾರೋ ಬಟ್ಟೆಯೋ ತುರುಕಿ, ಗಜದಿಂದ ಕುಟ್ಟಿ, ಮೇಲೆ ಗುಂಡು ಇಳಿಸಿ, ಕೊನೆಗೆ ಕಿವಿಯ ಮೇಲೆ ಕೇಪು ಕೂರಿಸಬೇಕು. ಗುಂಡೂ ಮನೆಯದೇ. ಸೀಸ 327 ಡಿಗ್ರಿ ಸೆಲ್ಷಿಯಸ್‌ನಲ್ಲಿ ಕರಗುತ್ತದೆ; ಅದಕ್ಕೆ ಅಕ್ಕಸಾಲಿಗನ ಕುಲುಮೆ ಬೇಡ, ಒಲೆಯ ಕೆಂಡ ಸಾಕು. ಇಕ್ಕುಳದಂತೆ ಎರಡು ದವಡೆಯ ಅಚ್ಚಿನಲ್ಲಿ ಹೊಯ್ದು ಆರಿಸಿದರೆ ಗುಂಡು ಸಿದ್ಧ. ಅಚ್ಚಿನಲ್ಲಿ ಒಂದು ಹನಿ ನೀರಿದ್ದರೂ ಕಾದ ಸೀಸ ಸಿಡಿದು ಮುಖಕ್ಕೆ ಹಾರುತ್ತದೆ, ಮತ್ತು ಆ ಹೊಗೆ, ಆ ಮಡ್ಡಿ ಎರಡೂ ವಿಷ. ಅನ್ನ ಬೇಯುವ ಒಲೆಯ ಮೇಲೆಯೇ ಸೀಸ ಕರಗಿಸುವುದು ಎಂಥ ಅಪಾಯವೆಂಬುದು ಇಂದು ನಮಗೆ ತಿಳಿದಿದೆ.

ಇಲ್ಲೊಂದು ಅಡ್ಡಮಾತು. ಶುದ್ಧ ಸೀಸ ಮೃದು. ಅದನ್ನು ಗಟ್ಟಿಮಾಡಲು ತವರ, ಆಂಟಿಮನಿ ಬೆರೆಸುತ್ತಾರೆ. ಅಚ್ಚಿನ ಮೊಳೆಗಳ ಲೋಹವೂ ಇದೇ. ಲೈನೋಟೈಪ್ ಯಂತ್ರದ ಲೋಹದಲ್ಲಿ ನೂರಕ್ಕೆ 84 ಸೀಸ, 12 ಆಂಟಿಮನಿ, 4 ತವರ. ಅಮೆರಿಕದಲ್ಲಿ ಮನೆಯಲ್ಲಿಯೇ ಗುಂಡು ಎರೆಯುವ ಹವ್ಯಾಸಿಗಳು ಮುಚ್ಚಿದ ಮುದ್ರಣಾಲಯಗಳ ಮೊಳೆಗಳನ್ನು ಹುಡುಕಿ ಹುಡುಕಿ ಕೊಳ್ಳುತ್ತಿದ್ದರು. ನಮ್ಮ ಪ್ರಶ್ನೆಪತ್ರಿಕೆಗಳ ಅಕ್ಷರಗಳಿಗೂ ಕೋವಿಯ ಗುಂಡಿಗೂ ಇಷ್ಟು ಹತ್ತಿರದ ಬಳಗವಿತ್ತು.

ಈಗ ಸದ್ದಿನ ವಿಷಯ. ಹೊಲ ಕಾಯುವವನು ಹಂದಿಯನ್ನು ಕೊಲ್ಲಲೇಬೇಕೆಂದಿಲ್ಲ. ಅದು ರಾಗಿಯ ಹೊಲ ಬಿಟ್ಟು ಹೋದರೆ ಸಾಕು. ಆದುದರಿಂದ ಅಟ್ಟಣೆಯ ಮೇಲೆ ಕುಳಿತವನು ಹಲವು ವೇಳೆ ಗುಂಡೇ ಇಲ್ಲದೆ ಬರಿಯ ಮದ್ದಿನ ಈಡು ಹಾರಿಸುತ್ತಿದ್ದ. ರೈತನ ಕೋವಿಗೆ ಸದ್ದೇ ಸಾಧನ, ಗುಂಡು ಎರಡನೆಯದು. ಸದ್ದಡಗಿಸುವ ಆಸೆ ಬೇರೆ ಜನರದು: ಕಳ್ಳಬೇಟೆಯವರದು, ಯುದ್ಧದವರದು, ಮತ್ತು ದೂರದ ದೇಶಗಳ ಹವ್ಯಾಸಿಗಳದು.

ಸದ್ದಿಗೆ ಮೂಲ ಎರಡು. ನಳಿಗೆಯ ಬಾಯಿಂದ ನುಗ್ಗುವ ಅನಿಲದ ಅಬ್ಬರ ಒಂದು. ಶಬ್ದದ ವೇಗವನ್ನು, ಎಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು ಮೀರಿದ ಗುಂಡು ಗಾಳಿಯನ್ನು ಸೀಳುವಾಗ ಹೊಮ್ಮುವ ಚಟಿಲ ಇನ್ನೊಂದು. ಹಳೆಯ ಉರುಟು ಗುಂಡು ಹೊರಡುವಾಗ ಈ ವೇಗವನ್ನು ಮೀರಿದ್ದರೂ ಸ್ವಲ್ಪ ದೂರ ಸಾಗುವಷ್ಟರಲ್ಲಿ ಅದರ ಕೆಳಗೆ ಇಳಿಯುತ್ತಿತ್ತು. 1898ರಲ್ಲಿ ರಿಗ್ಬಿ ಕಂಪನಿ ಹೊಗೆಯಿಲ್ಲದ ಕಾರ್ಡೈಟ್ ಮದ್ದಿನ .450 ರೈಫಲನ್ನು ತಂದಾಗ 31 ಗ್ರಾಂ ಗುಂಡು ಸೆಕೆಂಡಿಗೆ 650 ಮೀಟರಿಗೂ ಮಿಗಿಲಾಗಿ ಹಾರಿತು. ನಾಲ್ಕು ಬೋರು, ಎಂಟು ಬೋರುಗಳ ಕಾಲ ಮುಗಿಯಿತು. ತೂಕದ ಸ್ಥಾನವನ್ನು ವೇಗ ಆಕ್ರಮಿಸಿತು.

ಸರ್ಕಾರಕ್ಕೆ ಕೈಯಲ್ಲಿ ತೋಟಾ ಕಟ್ಟುವವರ ಭಯ ಎಷ್ಟಿತ್ತೆಂಬುದು ಈ .450ರ ಕಥೆಯಿಂದಲೇ ತಿಳಿಯುತ್ತದೆ. 1907ರಲ್ಲಿ ಭಾರತಕ್ಕೆ ಈ ಅಳತೆಯ ಕೋವಿ, ತೋಟಾಗಳ ಆಮದನ್ನು ನಿಷೇಧಿಸಲಾಯಿತು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳ ಅಳತೆಯೂ ಅದೇ. ಶಿಕಾರಿಯ ತೋಟಾದಿಂದ ಗುಂಡು ಕಿತ್ತು, ಬಂಡುಕೋರರು ಅದನ್ನು ಮಾರ್ಟಿನಿಗೆ ತುಂಬಿಯಾರು ಎಂಬ ಅಂಜಿಕೆ. ಇಂಗ್ಲೆಂಡಿನ ಕಂಪನಿಗಳು ಕೂಡಲೇ ಕೂದಲೆಳೆಯಷ್ಟು ಅಗಲ ಹೆಚ್ಚಿಸಿ .465, .470 ಎಂದು ಹೊಸ ತೋಟಾಗಳನ್ನು ಮಾಡಿದವು. ಆನೆಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ.

ಸದ್ದಿಲ್ಲದ ಕೋವಿ ಬೇಕೆಂದಾಗ ಮತ್ತೆ ಹಳೆಯ ಸೂತ್ರಕ್ಕೇ ಮರಳಬೇಕಾಯಿತು: ಗುಂಡು 340 ಮೀಟರಿನ ಒಳಗೆ ಸಾಗಬೇಕು, ವೇಗದಲ್ಲಿ ಕಳೆದುಕೊಂಡದ್ದನ್ನು ತೂಕದಲ್ಲಿ ತುಂಬಿಕೊಳ್ಳಬೇಕು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಮಾಡಿದ ಡಿ ಲೈಲ್ ಕಾರ್ಬೈನ್ ಇದಕ್ಕೆ ಪ್ರಸಿದ್ಧ ನಿದರ್ಶನ. ಪಿಸ್ತೂಲಿನ ದಪ್ಪ ಗುಂಡು, ಸೆಕೆಂಡಿಗೆ 260 ಮೀಟರಿನ ಆಸುಪಾಸಿನ ವೇಗ. ತಯಾರಾದದ್ದು ಕೇವಲ 130ರಷ್ಟು. ಅಮೆರಿಕದಲ್ಲಿ ದೊಡ್ಡ ನಳಿಗೆಯ ರೈಫಲುಗಳಿಗೆ ಎರಕದ ಭಾರವಾದ ಗುಂಡು, ಮಿತವಾದ ಮದ್ದು ತುಂಬಿ ಮೆಲ್ಲಗೆ ಹಾರಿಸುವುದು ಇಂದಿಗೂ ಬಿಡುವಿನ ವಿನೋದ. ನಮ್ಮಲ್ಲಿ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಅದು ಸರಿಯೆಂದೇ ನನ್ನ ಅಭಿಪ್ರಾಯ. ಸದ್ದಿಲ್ಲದ ಕೋವಿ ನಮ್ಮ ಕಾಡಂಚಿನಲ್ಲಿ ವಿನೋದವಾಗಿ ಉಳಿಯುವುದಿಲ್ಲ.

ಆದರೆ ಇದೇ ಕಾಯ್ದೆ ರೈತನ ಕೇಪಿನ ಕೋವಿಯನ್ನು ಮರೆತಿಲ್ಲ. ಬೆಳೆ ರಕ್ಷಣೆಗೆಂದು ಬಾಯಿಯಿಂದ ತುಂಬುವ ಕೋವಿಗೆ ಪರವಾನಗಿ ಕೊಡಬೇಕೆಂದು ಅದರ 13ನೆಯ ಕಲಮಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಬೆಳೆ ಕಾಯಲು ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ಕೋವಿಗೂ ಅವಕಾಶವುಂಟು. ಚುನಾವಣೆ ಬಂದಾಗ ಮಾತ್ರ ಈ ಕೋವಿಗಳು ಠಾಣೆ ಸೇರಬೇಕಾಗುತ್ತದೆ. ಹಂದಿಗಳಿಗೆ ನೀತಿಸಂಹಿತೆ ಇಲ್ಲ.

ನಿಧಾನವಾದ, ಸದ್ದು ಕಡಿಮೆಯ, ದಪ್ಪ ನಳಿಗೆಯ ಕೋವಿ ನಮ್ಮ ಜಿಲ್ಲೆಯಲ್ಲಿ ಈಗ ಇರಬೇಕಾದವರ ಕೈಯಲ್ಲಿಯೇ ಇದೆ. ಅದು ಅರಣ್ಯ ಇಲಾಖೆಯ ಅರಿವಳಿಕೆ ಬಂದೂಕು. ಇಂಥ ಬಂದೂಕುಗಳಲ್ಲಿ ಹಲವಕ್ಕೆ ಮದ್ದೇ ಬೇಡ, ಒತ್ತಿ ತುಂಬಿದ ಇಂಗಾಲದ ಡೈಆಕ್ಸೈಡ್ ಸಾಕು. ನಳಿಗೆ 11 ಅಥವಾ 13 ಮಿಲಿಮೀಟರ್. ಗುಂಡಿನ ಬದಲು ಔಷಧದ ಸೂಜಿ. ಸೂಜಿ ವೇಗವಾಗಿ ಹೋದರೆ ಪ್ರಾಣಿಗೆ ಗಾಯವಾಗುತ್ತದೆ. ಆದ್ದರಿಂದ ಮೆಲ್ಲಗೆ ಹೋಗಬೇಕು. ಮೆಲ್ಲಗೆ ಹೋಗುವುದು ಬಹುದೂರ ಹೋಗದು. ಆದ್ದರಿಂದ ಮನುಷ್ಯನೇ ಆನೆಯ ಬಳಿಗೆ ಹೋಗಬೇಕು. ರಾತ್ರಿಯ ಅಟ್ಟಣೆಯವನಿಗೆ ಸದ್ದು ಕೊಡುತ್ತಿದ್ದ ದೂರ ಇವನಿಗಿಲ್ಲ. ಔಷಧ ಏರುವುದಕ್ಕೂ ಕೆಲವು ನಿಮಿಷ ಬೇಕು.

2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ಕಾಡಾನೆಯೊಂದಕ್ಕೆ ಚಿಕಿತ್ಸೆ ನೀಡಲು ಅರಿವಳಿಕೆ ಹಾರಿಸಿದ ಅನುಭವಿ ಗುರಿಕಾರರೊಬ್ಬರು ಅದೇ ಆನೆಯ ದಾಳಿಯಲ್ಲಿ ತೀರಿಕೊಂಡರು. ಅದೇ ವರ್ಷದ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಇಂಥದೇ ಕಾರ್ಯಾಚರಣೆಯಲ್ಲಿ, ಮೈಸೂರು ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನ ಕಾಡಾನೆಯೊಡನೆ ಸೆಣಸಿ ಮಡಿಯಿತು. ಅದನ್ನು ಆ ಕಾಡಿನಲ್ಲಿಯೇ ಮಣ್ಣು ಮಾಡಲಾಯಿತು.