ಮಂದ್ರದ ಪೆಟ್ಟಿಗೆ

ಸಂಗೀತಪ್ರಿಯರ ನಡುವೆ ಒಂದು ವಾದ ಬಹುಕಾಲದಿಂದ ನಡೆದು ಬಂದಿದೆ. ಲಕ್ಷಗಟ್ಟಲೆ ಹಣ ಸುರಿದು ಒಳ್ಳೆಯ ಸ್ಟೀರಿಯೋ ಕೊಂಡವರು ಅದಕ್ಕೆ ಸಬ್‌ವೂಫರ್ ಎಂಬ ಮೂರನೆಯ ಪೆಟ್ಟಿಗೆಯೊಂದನ್ನು ಜೋಡಿಸಬೇಕೆ, ಬೇಡವೆ? ಅದಿಲ್ಲದೆ ಸಂಗೀತಕ್ಕೆ ಬುಡವೇ ಇಲ್ಲವೆಂದು ಒಂದು ಪಕ್ಷ. ಸಿನಿಮಾ ಮಂದಿರದ ಗದ್ದಲವನ್ನು ನಡುಮನೆಗೆ ತಂದು ಕೂರಿಸಿದಂತೆಂದು ಇನ್ನೊಂದು ಪಕ್ಷ ಮೂಗು ಮುರಿಯುತ್ತದೆ. ನಾನು ಕನ್ನಡ ಪಾಠ ಹೇಳುವವನು; ಯಂತ್ರಗಳ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಆದರೆ ಈ ವಾದದ ಹಿಂದೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. ಅದನ್ನು ಬಗೆದು ನೋಡಿದರೆ ಇಬ್ಬರೂ ಮರೆತ ಸಂಗತಿಯೊಂದು ಕಣ್ಣಿಗೆ ಬೀಳುತ್ತದೆ. ಧ್ವನಿಮುದ್ರಣ ಹುಟ್ಟಿದಂದಿನಿಂದ ಎಲ್ಲಿ ಏನನ್ನು ಬಿಡಬೇಕಾಗಿ ಬಂದರೂ ಮೊದಲು ಬಿಟ್ಟುಕೊಟ್ಟದ್ದು ಮಂದ್ರಸ್ವರವನ್ನೇ.

1925ಕ್ಕೆ ಮುಂಚೆ ಗ್ರಾಮಫೋನ್ ತಟ್ಟೆಗಳ ಮುದ್ರಣಕ್ಕೆ ವಿದ್ಯುತ್ತಿನ ಮೈಕು ಇರಲಿಲ್ಲ. ಹಾಡುವವರೂ ನುಡಿಸುವವರೂ ಒಂದು ಕಹಳೆಯ ಬಾಯಿಗೆ ಮುಖಮಾಡಿ ಒತ್ತೊತ್ತಾಗಿ ನಿಲ್ಲಬೇಕು. ಅವರ ಉಸಿರಿನ, ಪೆಟ್ಟಿನ ಬಲವೇ ಪೊರೆಯನ್ನು ಅಲುಗಿಸಿ, ಮೇಣದ ಮೇಲೆ ಸೂಜಿಯಿಂದ ಗೆರೆ ಕೊರೆಯಿಸಬೇಕು. ಸೆಕೆಂಡಿಗೆ ಸುಮಾರು 200 ಕಂಪನಗಳಿಗಿಂತ ಕೆಳಗಿನ ನಾದಕ್ಕೆ ಆ ಕಹಳೆ ಹೆಚ್ಚುಕಡಿಮೆ ಕಿವುಡಾಗಿತ್ತು. ಡಬಲ್ ಬಾಸ್ ಎಂಬ ಆಳೆತ್ತರದ ತಂತಿವಾದ್ಯ ನುಡಿಸಬೇಕಾದ್ದನ್ನು ಟ್ಯೂಬಾ ಎಂಬ ಹಿತ್ತಾಳೆಯ ವಾದ್ಯಕ್ಕೆ ಒಪ್ಪಿಸುತ್ತಿದ್ದರು. ದೊಡ್ಡ ಡೋಲು ಬಡಿದರೆ ಸೂಜಿ ಹಾರೀತೆಂಬ ಅಂಜಿಕೆ ಬೇರೆ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದೂ ಇಂಥ ಕಹಳೆಗೇ. ಆ ಕಂಠ ಉಳಿದು ಬಂದದ್ದು ನಮ್ಮ ಪುಣ್ಯ. ಅದರೊಡನಿದ್ದ ಮಂದ್ರದ ನಾದ ಆ ಕೋಣೆಯ ಗಾಳಿಯಲ್ಲೇ ಕರಗಿಹೋಯಿತು.

ಆದರೂ ಅಂದಿನ ಕೇಳುಗರು ಅಷ್ಟಾಗಿ ದೂರಲಿಲ್ಲವಲ್ಲ, ಏಕೆ? ಇದಕ್ಕೆ ನಮ್ಮ ಕಿವಿಯ ಒಂದು ಸೋಜಿಗದ ಗುಣವೇ ಕಾರಣ. 100 ಕಂಪನಗಳ ಸ್ವರವೊಂದು ನುಡಿದಾಗ ಅದರೊಡನೆ 200, 300, 400 ಕಂಪನಗಳ ಉಪಸ್ವರಗಳೂ ಹೊಮ್ಮುತ್ತವೆ. ಮೂಲದ 100ನ್ನು ತೆಗೆದುಹಾಕಿ ಉಳಿದವನ್ನು ಮಾತ್ರ ಕೇಳಿಸಿದರೂ ಮನಸ್ಸು ಅದನ್ನು 100ರ ಸ್ವರವೆಂದೇ ಗುರುತಿಸುತ್ತದೆ. ಅಂಗೈಯಗಲದ ರೇಡಿಯೋದಲ್ಲಿ ತಂಬೂರಿ ಕೇಳಿ ತಲೆದೂಗಿದವರೆಲ್ಲ ಅರ್ಧದಷ್ಟನ್ನು ತಾವೇ ತುಂಬಿಕೊಂಡವರು. ಸ್ವರ ಯಾವುದೆಂದು ಗೊತ್ತಾಗುತ್ತದೆ, ನಿಜ. ಎದೆಗೆ ಬಂದು ತಾಕುವ ಅದರ ಮೈ ಮಾತ್ರ ಅಲ್ಲಿರುವುದಿಲ್ಲ. ಕನ್ನಡದಲ್ಲಿ ಈ ಮೈಗೆ ‘ಮೊಳಗು’ ಎಂಬ ಒಳ್ಳೆಯ ಮಾತಿದೆ. ಮೋಡಕ್ಕೂ ಭೇರಿಗೂ ಸಲ್ಲುತ್ತದೆ, ಕೊಳಲಿಗೆ ಸಲ್ಲದು.

1925ರಲ್ಲಿ ವಿದ್ಯುತ್ ಮುದ್ರಣ ಬಂದಿತು. ಅದೇ ವರ್ಷ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ಲೌಡ್‌ಸ್ಪೀಕರನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಕಾಗದದ ಶಂಕು, ಅದರ ಬುಡಕ್ಕೊಂದು ತಂತಿಯ ಸುರುಳಿ, ಸುರುಳಿಯ ಸುತ್ತ ಅಯಸ್ಕಾಂತ. ಇಂದಿನ ಬಹುಪಾಲು ಸ್ಪೀಕರುಗಳ ಮೂಲರೂಪ ಅದೇ. ಶಂಕು ಮುಂದೆ ಗಾಳಿಯನ್ನು ಒತ್ತುವಾಗಲೇ ಹಿಂದೆ ಸೆಳೆಯುತ್ತದೆ. ಮಂದ್ರಸ್ವರದಲ್ಲಿ ಈ ಎರಡು ಅಲೆಗಳು ಅಂಚನ್ನು ಬಳಸಿ ಬಂದು ಒಂದನ್ನೊಂದು ಅಳಿಸಿಬಿಡುತ್ತವೆ. ಆದಕಾರಣ ನಡುವೆ ಹಲಗೆಯೋ ಪೆಟ್ಟಿಗೆಯೋ ಬೇಕಾಯಿತು.

ಎಷ್ಟು ದೊಡ್ಡದು? ಅಲ್ಲಿಯೇ ತೊಡಕು. 1000 ಕಂಪನಗಳ ಸ್ವರದ ಅಲೆ ಒಂದಡಿಗಿಂತ ತುಸು ಉದ್ದ. 20 ಕಂಪನಗಳ ಅಲೆಗೆ ಸುಮಾರು 17 ಮೀಟರ್ ಉದ್ದ, ನಮ್ಮ ನಿಮ್ಮ ಮನೆಯ ಹಜಾರಕ್ಕಿಂತ ದೊಡ್ಡದು. ಸ್ವರ ಒಂದು ಸ್ಥಾಯಿ ಇಳಿದರೆ ಅಷ್ಟೇ ಬಲದ ನಾದಕ್ಕಾಗಿ ಶಂಕು ನಾಲ್ಕರಷ್ಟು ದೂರ ಓಲಾಡಬೇಕು. 1940ರ ದಶಕದಲ್ಲಿ ಪಾಲ್ ಕ್ಲಿಪ್ಷ್ ಎಂಬ ಎಂಜಿನಿಯರು ಅಮೆರಿಕದ ಅರ್ಕನ್ಸಾ ಪ್ರಾಂತದಲ್ಲಿ ಒಂದು ಉಪಾಯ ಹೂಡಿದ. ಮಡಿಚಿದ ಕಹಳೆಯೊಂದನ್ನು ಮನೆಯ ಮೂಲೆಗೆ ಒತ್ತಿ ನಿಲ್ಲಿಸಿ, ಆ ಎರಡು ಗೋಡೆಗಳನ್ನೇ ಕಹಳೆಯ ಬಾಯಾಗಿ ಮಾಡಿಕೊಂಡ! ಚೆನ್ನಾಗಿಯೇ ಮೊಳಗುತ್ತಿತ್ತು. ಆದರೆ ಬೀರುವಿನಷ್ಟು ಜಾಗ ಬಿಟ್ಟುಕೊಡುವ ಗೃಹಿಣಿಯರು ಎಷ್ಟು ಮಂದಿ?

ಗಂಟನ್ನು ಬಿಡಿಸಿದವನು ಎಡ್ಗರ್ ವಿಲ್ಚರ್. ಈತ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಧ್ವನಿಯ ಪುನರುತ್ಪಾದನೆಯನ್ನು ಕುರಿತು ಪಾಠ ಹೇಳುತ್ತಿದ್ದ ಅಧ್ಯಾಪಕ. ಅಷ್ಟರಿಂದಲೇ ನನಗೆ ಈತನ ಮೇಲೆ ಒಂದು ಪಕ್ಷಪಾತ. ಶಂಕುವನ್ನು ಹಿಂದಕ್ಕೆಳೆಯಲು ಬಿಗಿಯಾದ ಅಂಚು ಕಟ್ಟುವುದು ವಾಡಿಕೆಯಾಗಿದ್ದಿತು. ಅಂಚನ್ನು ಸಡಿಲ ಬಿಟ್ಟು, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿಬಿಟ್ಟರೆ ಒಳಗಿನ ಗಾಳಿಯೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ, ಅದೂ ಆ ಬಿಗಿ ಅಂಚಿಗಿಂತ ನಿಯಮಬದ್ಧವಾಗಿ, ಎಂಬುದು ಇವನಿಗೆ ಹೊಳೆದ ವಿಚಾರ. ತನ್ನ ಶಿಷ್ಯ ಹೆನ್ರಿ ಕ್ಲಾಸ್‌ನೊಡನೆ ಸೇರಿ 1954ರಲ್ಲಿ ಅಕೂಸ್ಟಿಕ್ ರಿಸರ್ಚ್ ಎಂಬ ಕಂಪನಿ ತೆರೆದ. ಅವರ ಎಆರ್-1 ಪೆಟ್ಟಿಗೆಯನ್ನು ಒಬ್ಬನೇ ಎತ್ತಿ ಪುಸ್ತಕದ ಕಪಾಟಿನ ಮೇಲಿಡಬಹುದಾಗಿತ್ತು. ನುಡಿಸಿದರೆ ಬೀರುವಿನಂಥ ಪೆಟ್ಟಿಗೆಗಳು ನಾಚುತ್ತಿದ್ದವು. ವಿಲ್ಚರ್ 1967ರಲ್ಲಿ ಕಂಪನಿಯನ್ನು ಮಾರಿ, ಕಿವಿ ಮಂದವಾದವರ ಶ್ರವಣಯಂತ್ರದ ಸಂಶೋಧನೆಗೆ ತೊಡಗಿದ. ಅಲ್ಲಿ ಕಂಡುಕೊಂಡ ಮುಖ್ಯ ವಿಧಾನಕ್ಕೆ ಪೇಟೆಂಟ್ ಪಡೆಯಲೇ ಇಲ್ಲ. 2011ರಲ್ಲಿ ತೀರಿಕೊಂಡ.

ಅದಕ್ಕೂ ಒಂದು ಬೆಲೆಯಿತ್ತು. ಕ್ಲಾಸ್ ಆಮೇಲೆ ಕಟ್ಟಿದ ಕಂಪನಿಯಲ್ಲಿ ಪಾಲುದಾರನಾದ ಹಾಫ್‌ಮನ್ ಎಂಬವನ ಹೆಸರಿನಲ್ಲಿ ಒಂದು ನಿಯಮ ಪ್ರಸಿದ್ಧವಾಗಿದೆ. ಆಳವಾದ ಮಂದ್ರ, ಚಿಕ್ಕ ಪೆಟ್ಟಿಗೆ, ಕಡಮೆ ವಿದ್ಯುತ್ತಿನಲ್ಲಿ ಹೆಚ್ಚು ಸದ್ದು, ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು; ಮೂರನ್ನೂ ಕೇಳುವಂತಿಲ್ಲ. ಸಬ್‌ವೂಫರಿಗೆ ತನ್ನದೇ ದೊಡ್ಡ ಆಂಪ್ಲಿಫೈಯರ್ ಏಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲಿಯೇ ಇದೆ.

1958ರ ಹೊತ್ತಿಗೆ ಸ್ಟೀರಿಯೋ ತಟ್ಟೆಗಳು ಬಂದು ಮನೆಯಲ್ಲಿ ಒಂದು ಪೆಟ್ಟಿಗೆಯ ಬದಲು ಎರಡು ನಿಲ್ಲಬೇಕಾಯಿತು. ಆದರೆ ಸುಮಾರು 80 ಕಂಪನಗಳಿಗಿಂತ ಕೆಳಗಿನ ನಾದ ಎಡದಿಂದ ಬಂದಿತೋ ಬಲದಿಂದ ಬಂದಿತೋ ಕಿವಿಗೆ ತಿಳಿಯದು. ತಟ್ಟೆ ಕೊರೆಯುವವರೂ ಇದನ್ನು ಬಲ್ಲರು; ಸೂಜಿ ಗಾಡಿಯ ಜಾಡು ಬಿಟ್ಟು ಜಿಗಿಯದಿರಲೆಂದು ಎರಡು ಕಡೆಯ ಮಂದ್ರವನ್ನು ಒಂದಾಗಿ ಕೂಡಿಸಿ ಕೊರೆಯುವುದು ರೂಢಿಯಾಯಿತು. ಹಾಗಿದ್ದಮೇಲೆ ಮಂದ್ರಕ್ಕೆಂದೇ ಒಂದು ಪ್ರತ್ಯೇಕ ಪೆಟ್ಟಿಗೆ ಏಕಾಗಬಾರದು? 1968ರಲ್ಲಿ ಕ್ಯಾಲಿಫೋರ್ನಿಯಾದ ಇನ್ಫಿನಿಟಿ ಕಂಪನಿ ತನ್ನ ಮೊದಲ ದೊಡ್ಡ ಸ್ಪೀಕರಿನಲ್ಲಿ 18 ಅಂಗುಲದ ಶಂಕುವನ್ನು ಬೇರೆಯೇ ಪೆಟ್ಟಿಗೆಯಲ್ಲಿಟ್ಟಿತು. ಗಮನಿಸಬೇಕಾದ್ದೆಂದರೆ, ಇದು ಸಂಗೀತಕ್ಕಾಗಿ ಮಾಡಿದ ಏರ್ಪಾಡು, ಸಿನಿಮಾಕ್ಕಾಗಿ ಅಲ್ಲ.

ಕೆಟ್ಟ ಹೆಸರು ಬಂದದ್ದು ಆಮೇಲೆ. 1974ರಲ್ಲಿ ‘ಅರ್ತ್‌ಕ್ವೇಕ್’ ಚಿತ್ರಕ್ಕೆ ಸೆನ್ಸರೌಂಡ್ ಎಂಬ ವ್ಯವಸ್ಥೆ ಮಾಡಿ, ಭಾರಿ ಪೆಟ್ಟಿಗೆಗಳಿಂದ ಮಂದಿರವನ್ನೇ ನಡುಗಿಸಿದರು. ಹಾಲಿವುಡ್ಡಿನ ಚೈನೀಸ್ ಥಿಯೇಟರಿನಲ್ಲಿ ಗಾರೆ ಉದುರೀತೆಂದು ಚಾವಣಿಯ ಕೆಳಗೆ ಬಲೆ ಕಟ್ಟಬೇಕಾಯಿತು! ಮುಂದೆ ಡಿಜಿಟಲ್ ಸಿನಿಮಾ, ಡಿವಿಡಿಗಳು ಬಂದಂತೆ ಸಬ್‌ವೂಫರ್ ಸ್ಫೋಟಗಳ ಸಂಗಾತಿಯಾಗಿ ಮನೆ ಹೊಕ್ಕಿತು. ಶ್ರೋತೃಗಳ ತಿರಸ್ಕಾರಕ್ಕೆ ಇದೇ ಮೂಲ. ತಿರಸ್ಕಾರ ಸಲ್ಲಬೇಕಾದ್ದು ಪೆಟ್ಟಿಗೆಗಲ್ಲ, ಅದರ ಗುಂಡಿಯನ್ನು ತಿರುವುವ ಕೈಗೆ, ಎಂಬುದು ನನ್ನ ಅಭಿಪ್ರಾಯ.

ನನ್ನ ಸ್ನೇಹಿತರೊಬ್ಬರು ತಮ್ಮ ಒಳ್ಳೆಯ ಸ್ಟೀರಿಯೋಗೆ ಇದನ್ನು ಜೋಡಿಸಿದಾಗ ನಾನೂ ಹೋಗಿದ್ದೆ. ಮೊದಲ ದಿನ ಮೃದಂಗದ ಎಡಗೈ ಪೆಟ್ಟು ಗೋದಾಮಿನಲ್ಲಿ ಮೂಟೆ ಬಿದ್ದಂತೆ ಕೇಳಿಸಿತು. ತಪ್ಪು ಕೋಣೆಯದು. ಐದು ಮೀಟರ್ ಉದ್ದದ ಕೋಣೆ ಸುಮಾರು 34 ಕಂಪನಗಳ ನಾದಕ್ಕೂ ಅದರ ಇಮ್ಮಡಿ, ಮುಮ್ಮಡಿಗಳಿಗೂ ತಾನೇ ದನಿಗೂಡಿಸುತ್ತದೆ; ಒಂದು ಕಡೆ ಮೊಳಗು ಉಕ್ಕುತ್ತದೆ, ಎರಡು ಹೆಜ್ಜೆ ಆಚೆ ಬತ್ತುತ್ತದೆ. ಇದಕ್ಕೆ ಬಲ್ಲವರ ಉಪಾಯವೊಂದಿದೆ. ಪೆಟ್ಟಿಗೆಯನ್ನು ತಾವು ಕೂರುವ ಕುರ್ಚಿಯ ಮೇಲಿಟ್ಟು, ತಾವು ನೆಲದ ಮೇಲೆ ಅಂಬೆಗಾಲಿಡುತ್ತ ನಾದ ಸಮವಾಗಿ ಕೇಳುವ ಜಾಗವನ್ನು ಹುಡುಕಿ, ಪೆಟ್ಟಿಗೆಯನ್ನು ಅಲ್ಲಿಗೆ ಸಾಗಿಸುವುದು. ಅರುವತ್ತರ ಸ್ನೇಹಿತರು ಹಾಗೆ ತೆವಳಿದರು. “ಮೊಮ್ಮಗನಿಗೆ ಜೊತೆಯಾಯಿತು, ಬಿಡಿ” ಎಂದರು ಅವರ ಮನೆಯವರು.

ಆಮೇಲೆ ಪೆಟ್ಟಿಗೆಯ ಪಾಲನ್ನು 80ರಿಂದ 50 ಕಂಪನಗಳಿಗೆ ಇಳಿಸಿ, ಸದ್ದನ್ನು ತಗ್ಗಿಸುತ್ತ ಬಂದರು. ಒಂದು ಹಂತದಲ್ಲಿ ಪೆಟ್ಟಿಗೆ ಇದೆಯೆಂಬುದೇ ಮರೆತುಹೋಯಿತು. ಅದನ್ನು ಆರಿಸಿದಾಗ ಮಾತ್ರ, ಗಾಯಕರು ಕುಳಿತ ಸಭಾಂಗಣವೇ ಕುಗ್ಗಿದಂತಾಯಿತು. ಮತ್ತೆ ಹಾಕಿದರು, ಮೃದಂಗದ ಎಡಭಾಗ ತೊಗಲಾಗಿ, ಮರವಾಗಿ ಎದುರಿಗೆ ಕುಳಿತಿತು. ಅಂದು ನಾವು ಎರಡು ಗಂಟೆ ಕೇಳಿದೆವು. ಒಂಬತ್ತು ಹೊಡೆಯುತ್ತಲೂ ಸ್ನೇಹಿತರು ಎದ್ದು ಅದನ್ನೊಂದನ್ನೇ ಆರಿಸಿದರು: ಕೆಳಗಿನ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಯಿದ್ದಾಳೆ, ಗೋಡೆ ದಾಟಿ ಅವಳಿಗೆ ಹಾಡು ಕೇಳಿಸದು, ಇದೊಂದೇ ಕೇಳಿಸುತ್ತದೆ ಎಂದರು.